ಊದುವುದಿಲ್ಲ

ಊದುವ ಕೆಲಸ ಸಂಜೆಯದು. ಇಷ್ಟು ದಿನವೂ ಸಂಜೆಯದೇ ಆಗಿತ್ತು. ಹಾಗಿರುವಾಗ ಬೆಳಬೆಳಗ್ಗೆ, ಇನ್ನೂ ಮುಖ ಒರೆಸಿಕೊಳ್ಳುತ್ತಿರುವಾಗಲೇ, ಹೆಂಡತಿ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದು ಎದುರಿಗೆ ನಿಂತು, ಕತ್ತು ಸ್ವಲ್ಪ ಮುಂದೆ ಚಾಚಿ, "ಎಲ್ಲಿ, ಒಂದ್ಸಲ" ಅಂದಾಗ ಪಾಲಿಶಣ್ಣನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಟವೆಲ್ಲು ಹಿಡಿದ ಕೈ ಅಲ್ಲೇ ನಿಂತಿತು.

"ಏನೇ ಇದು, ಬೆಳಗ್ಗೆ ಬೆಳಗ್ಗೆ?"

"ಇವತ್ತು ಮಗಳು ಬರ್ತಾಳೆ."

"ಬರ್ಲಿ. ಅದಕ್ಕೆ?"

"ಅದಕ್ಕೇ."

ಅವನು ಊದಿದ. ಹಾ ಎಂದು ಬಾಯಿ ತೆರೆದು, ಗಂಟಲಿನ ಆಳದಿಂದ, ಡಾಕ್ಟರ ಮುಂದೆ ನಾಲಿಗೆ ಚಾಚುವವರ ಹಾಗೆ. ಹೆಂಡತಿ ಕಣ್ಣು ಮುಚ್ಚಿ ಮೂಸಿದಳು, ಸರಿ ಎಂಬಂತೆ ತಲೆಯಾಡಿಸಿದಳು, ಒಲೆಯ ಮೇಲಿನದು ಸೀದುಹೋಗುತ್ತದೆಂದು ಒಳಗೆ ಓಡಿದಳು. ಹಾಲು ಒಡೆದಿದೆಯೋ ಇಲ್ಲವೋ ನೋಡುವಷ್ಟೇ ಮಾಮೂಲು ಅವಳಿಗೆ ಅದು. ಅವನು ಮಾತ್ರ ಕನ್ನಡಿಯ ಮುಂದೆ ನಿಂತೇ ಇದ್ದ. ರಾತ್ರಿಯೆಲ್ಲ ಪಕ್ಕದಲ್ಲಿ ಗೊರಕೆ ಹೊಡೆದವನನ್ನು ಬೆಳಗ್ಗೆ ಎದ್ದು ಮೂಸುವುದೆಂದರೆ ಏನು? ನಿದ್ದೆಗಣ್ಣಲ್ಲಿ ಎದ್ದು ಹೋಗಿ ಕುಡಿದು ಬಂದು ಮಲಗಿದೆನೆಂದೇ? ಕೋಪ ಉಕ್ಕಿ ಬಂತು. ಆದರೆ ಅದು ಹೆಂಡತಿಯ ಮೇಲೆ ಬಂದದ್ದಲ್ಲ. ಕೇಳಿದ್ದೇ ತಡ ತೆರೆದುಕೊಂಡ ತನ್ನ ಬಾಯಿಯ ಮೇಲೆ. ಒಂದು ಕ್ಷಣ ಯೋಚಿಸಬೇಡವೇ ಅದು? ದವಡೆಗೆ ಹಗ್ಗ ಕಟ್ಟಿ ಎಳೆದಂತೆ ತೆರೆದುಕೊಳ್ಳುವುದೇ? ಥೂ ಇದರ.

ಈ ಊದುವುದನ್ನು ಮನೆಗೆ ತಂದವನೂ ಅವನೇ. ಇನ್ನು ಯಾರನ್ನು ದೂರುವುದು? ಕುಡಿತ ಬಿಟ್ಟ ಹೊಸದರಲ್ಲಿ, ಕೆಲಸ ಮುಗಿಸಿ ನೆಟ್ಟಗೆ ಮನೆಗೆ ಬಂದ ಒಂದು ಸಂಜೆ, ಬಾಗಿಲಲ್ಲೇ ನಿಂತು "ಬಾರೇ ಇಲ್ಲಿ, ಮೂಸಿ ನೋಡು" ಎಂದು ಕೂಗಿ ಕರೆದಿದ್ದ. ಆವತ್ತು ಎದೆಯುಬ್ಬಿಸಿ ಊದಿದ್ದ. ಅವಳು ನಂಬಲಾರದೆ ಎರಡೆರಡು ಸಲ ಮೂಸಿ, ಕಣ್ಣೊರೆಸಿಕೊಂಡು, ಆಮೇಲೆ ಅವನಿಗೆ ಗೊತ್ತಾಗದಿರಲೆಂದು ಸುಮ್ಮನೆ ಪಾತ್ರೆ ಕುಕ್ಕಿದ್ದಳು. ಮರುದಿನ ಅವನು ಮರೆತರೂ ಅವಳು ಮರೆಯಲಿಲ್ಲ. ಅದರ ಮರುದಿನವೂ ಮರೆಯಲಿಲ್ಲ. ಸಂತೋಷಕ್ಕೆ ಶುರುವಾದದ್ದು ಯಾವಾಗ ಕಾನೂನಾಗಿ ಕೂತುಬಿಟ್ಟಿತೋ ಇಬ್ಬರಿಗೂ ತಿಳಿಯಲಿಲ್ಲ. ಎರಡು ವರ್ಷದ ಹತ್ತಿರ ಹತ್ತಿರ ಆಯಿತು. ಜ್ವರ ಬಂದು ಮಲಗಿದ ದಿನವೂ ಹಾಸಿಗೆಯ ಹತ್ತಿರ ಬಂದು ಬಗ್ಗುತ್ತಿದ್ದಳು. ಬಾಣಂತನಕ್ಕೆಂದು ಅವಳು ಮಗಳ ಊರಿಗೆ ಹೋಗಿದ್ದಾಗ ಮನೆಯಲ್ಲಿ ಅವನೊಬ್ಬನೇ. ಮೂಸುವವರು ಯಾರೂ ಇಲ್ಲ. ಆಗಲಾದರೂ ಬಿಡುಗಡೆ ಸಿಕ್ಕಿತೇ? ಸಂಜೆ ಬೀಗ ತೆಗೆದು ಒಳಗೆ ಕಾಲಿಡುವ ಮುಂಚೆ ತನ್ನ ಅಂಗೈಗೆ ತಾನೇ ಊದಿ, ತಾನೇ ಮೂಸಿ, ತಾನೇ ತಲೆಯಾಡಿಸಿ ಒಳಗೆ ಹೋಗುತ್ತಿದ್ದ. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಅವನ ಕಸುಬೋ, ಹೇಳಿ ಮಾಡಿಸಿದ ಹಾಗೆ ಇಂಥದ್ದು. ಮರದ ಸಾಮಾನಿಗೆ ಪಾಲಿಶ್ ಹಾಕುವವನು, ಅದಕ್ಕೇ ಪಾಲಿಶಣ್ಣ. ಅರಗಿನ ಚಕ್ಕೆಗಳನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಕರಗಿಸಿ, ಸೋಸಿ, ಆ ಜೇನುಬಣ್ಣದ ನೀರನ್ನು ಬಟ್ಟೆಯ ಉಂಡೆಗೆ ಕುಡಿಸಿ ಮರಕ್ಕೆ ತಿಕ್ಕುವ ಕೆಲಸ. ಅರಗು ಮರದ ಮೇಲೆ ಉಳಿಯುತ್ತದೆ. ಸ್ಪಿರಿಟ್ಟು ಹಾರಿಬಂದು ಅವನ ಬಟ್ಟೆ, ಕೂದಲು, ಮೂಗು, ಗಂಟಲು ಸೇರುತ್ತದೆ. ಕುಡಿಯುತ್ತಿದ್ದ ಕಾಲದಲ್ಲಿ ಇದರಷ್ಟು ಅನುಕೂಲ ಇನ್ನೊಂದಿರಲಿಲ್ಲ: "ಕೆಲಸದ ವಾಸನೆ ಕಣೇ" ಎಂದುಬಿಟ್ಟರೆ ಮುಗಿಯಿತು. ಈಗ ನಿಜಕ್ಕೂ ಕೆಲಸದ ವಾಸನೆಯೇ ಆದಾಗ ಆ ಮಾತು ಹೇಳಲು ನಾಲಿಗೆಯೇ ಏಳುತ್ತಿರಲಿಲ್ಲ. ಸುಳ್ಳಿಗೆ ಬಳಸಿ ಬಳಸಿ ಸವೆದುಹೋಗಿತ್ತು. ಲವಂಗ ಅಗಿದು ಬಂದರೆ "ಲವಂಗ ಯಾಕೆ?" ಏಲಕ್ಕಿ ಅಗಿದರೆ "ಏಲಕ್ಕಿ ಯಾಕೆ?" ಏನೂ ಅಗಿಯದೆ ಬಂದರೆ ಸ್ಪಿರಿಟ್ಟು. ಹಾಗಾಗಿ ದಿನಾ ಸಂಜೆ ಕಾರ್ಖಾನೆಯ ಹಿಂದಿನ ನಲ್ಲಿಯಲ್ಲಿ ಸೀಮೆಎಣ್ಣೆ ಹಚ್ಚಿ ಕೈ ಉಜ್ಜಿ, ಆಮೇಲೆ ಸೋಪು, ಆಮೇಲೆ ನಿಂಬೆಸಿಪ್ಪೆ, ಆಮೇಲೆ ಚೀಲದಲ್ಲಿ ಬೇರೆ ಶರಟು. ಯಾವನೋ ಕೊಲೆ ಮಾಡಿ ಬಂದವನು ಕೂಡ ಇಷ್ಟು ತೊಳೆದುಕೊಳ್ಳಲಿಕ್ಕಿಲ್ಲ.

"ಇವತ್ತು ಒಂದಿನ ರಜ ಹಾಕಿ ಅಂದ್ರೆ ಕೇಳಲ್ಲ ನೀವು," ಹೆಂಡತಿ ತಟ್ಟೆ ಇಡುತ್ತ ಹೇಳಿದಳು. "ಮಗೂನ ಮೊದಲ ಸಲ ಕರ್ಕೊಂಡು ಬರ್ತಿದಾಳೆ. ನೀವು ಆ ವಾಸನೆ ಹೊತ್ಕೊಂಡು ಬಂದು ನಿಂತ್ರೆ ಅವಳ ಮುಖ ಹೇಗಾಗುತ್ತೆ ಗೊತ್ತಲ್ಲ."

"ಊಟದ ಮೇಜು ನಾಳೆ ಹೋಗ್ಬೇಕು. ಕೊನೇ ಕೈ ಬಾಕಿ ಇದೆ. ನಾನಲ್ದೆ ಇನ್ಯಾರು ಹಾಕ್ತಾರೆ?"

"ಮಾಡಿ, ಮಾಡಿ. ಮೊಮ್ಮಗಳಿಗಿಂತ ಮೇಜು ಹೆಚ್ಚು."

ಮಾತಿಗೆ ಮಾತು ಬೆಳೆಸದೆ ಅವನು ಚಪ್ಪಲಿ ಮೆಟ್ಟಿದ. ಮೊಮ್ಮಗಳನ್ನು ಅವನು ನೋಡಿದ್ದು ಫೋನಿನಲ್ಲಿ ಮಾತ್ರ. ಹೆರಿಗೆಗೆ ಈ ಮನೆಗೇ ಬಾ ಎಂದರೆ ಮಗಳು "ಆಸ್ಪತ್ರೆ ಇಲ್ಲೇ ಹತ್ತಿರ ಅಪ್ಪಾ" ಅಂದಿದ್ದಳು. ಆಸ್ಪತ್ರೆ ಹತ್ತಿರವಿತ್ತು, ನಿಜ. ಅದು ಕಾರಣವಲ್ಲ ಎಂಬುದೂ ಅಷ್ಟೇ ನಿಜ. ಫೋನಿನಲ್ಲಿ ಮಗುವನ್ನು ತೋರಿಸುವ ಮುಂಚೆ "ಅಪ್ಪಾ, ಸ್ವಲ್ಪ ಬೆಳಕಿಗೆ ಬಾ, ಕಣ್ಣು ಕಾಣ್ತಿಲ್ಲ" ಅನ್ನುತ್ತಿದ್ದಳು. ಅವನು ಕಿಟಕಿಯ ಹತ್ತಿರ ಹೋಗಿ, ಕನ್ನಡಕ ತೆಗೆದು, ಕಣ್ಣು ಅಗಲಿಸಿ ತೋರಿಸುತ್ತಿದ್ದ. ಕೆಂಪಾಗಿಲ್ಲವೆಂದು ಖಾತ್ರಿಯಾದ ಮೇಲೆಯೇ ಫೋನು ತೊಟ್ಟಿಲ ಕಡೆ ತಿರುಗುತ್ತಿತ್ತು. ಅಷ್ಟಕ್ಕೇ ಖುಷಿಪಟ್ಟಿದ್ದೆನಲ್ಲ ಎಂದು ಇವತ್ತು ಈ ಬೀದಿಯಲ್ಲಿ ನಡೆಯುತ್ತಿರುವಾಗ ಅವನಿಗೆ ನಾಚಿಕೆಯಾಯಿತು. ಇವತ್ತು ಆ ಮಗುವನ್ನು ಎತ್ತಿಕೊಳ್ಳಬೇಕು. ಅದೊಂದೇ ಅವನಿಗೆ ಬೇಕಾದದ್ದು. ಮಾಲೀಕ ಹೊಗಳುವುದು ಬೇಡ, ಬೀದಿಯವರು ಮೆಚ್ಚುವುದು ಬೇಡ, ಆ ಮಗುವಿನ ಭಾರ ಎಷ್ಟೆಂದು ತನ್ನ ಕೈಗೆ ಗೊತ್ತಾಗಬೇಕು.

ಬೀದಿಯವರದ್ದು ಇನ್ನೊಂದು ಕಥೆ. ಕುಡಿತ ಬಿಟ್ಟ ಎಂಬ ಸುದ್ದಿ ಹಬ್ಬಿದಾಗ ಎಲ್ಲರೂ "ಏನಾಯ್ತು, ಏನಾಯ್ತು" ಎಂದು ಮುತ್ತಿಕೊಂಡರು. ರಕ್ತ ಕಾರಿದನೇ, ಡಾಕ್ಟರು ಗಡುವು ಕೊಟ್ಟರೇ, ಹೆಂಡತಿ ಬಾವಿಗೆ ಹಾರಲು ಹೋದಳೇ? ಏನೂ ಆಗಿರಲಿಲ್ಲ. ಒಂದು ಸಂಜೆ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ, ಅಷ್ಟೇ. ಅದನ್ನು ಹೇಳಿದರೆ ಯಾರಿಗೂ ರುಚಿಸುತ್ತಿರಲಿಲ್ಲ. ಇಷ್ಟು ದೊಡ್ಡ ಬದಲಾವಣೆಗೆ ಒಂದು ದೊಡ್ಡ ಕಾರಣ ಬೇಡವೇ? ಕಾರಣವಿಲ್ಲದೆ ಬಿಟ್ಟವನು ಕಾರಣವಿಲ್ಲದೆ ಮತ್ತೆ ಹಿಡಿಯುತ್ತಾನೆ ಎಂದು ಅವರ ತರ್ಕ. ಹಳೆಯ ಗೆಳೆಯರಂತೂ "ಸ್ವಾಮಿಗಳು" ಎಂದೇ ಹೆಸರಿಟ್ಟು, ಕಂಡಲ್ಲಿ ಕೈಮುಗಿದು, ಯಾವಾಗ ಇಳಿಯುತ್ತಾನೆ ಎಂದು ಕಾದು ಕೂತಿದ್ದರು. ಅವನಿಗೂ ಆಗಾಗ ಅನ್ನಿಸುತ್ತಿತ್ತು: ಒಳಗೆ ಏನಾದರೂ ಬದಲಾಗಿದೆಯೇ, ಅಥವಾ ಒಂದು ಸಂಜೆಯ ಪಕ್ಕ ಇನ್ನೊಂದು ಸಂಜೆ ಇಡುತ್ತ ಹೋಗುವುದಷ್ಟೇ ಇದೆಲ್ಲ?

ಕಾರ್ಖಾನೆಯಲ್ಲಿ ಮೇಜು ಕಾದಿತ್ತು. ಗಾಳಿ ಧೂಳು ಬರದ ಹಿಂದಿನ ಕೋಣೆಯಲ್ಲಿ, ಕಿಟಕಿಗೆ ಅಡ್ಡವಾಗಿ, ಹನ್ನೆರಡು ಜನ ಕೂತು ಉಣ್ಣುವಷ್ಟು ಉದ್ದ. ಬಗ್ಗಿ ನೋಡಿದರೆ ಕಿಟಕಿಯ ಸರಳು, ಹೊರಗಿನ ಗೋಡೆ, ತನ್ನ ಮುಖ ಎಲ್ಲವೂ ಅದರಲ್ಲಿ ಕಾಣುತ್ತಿತ್ತು. ಉಂಡೆಗೆ ಪಾಲಿಶ್ ಕುಡಿಸಿ, ಮೇಲೆ ಒಂದು ಹನಿ ಎಣ್ಣೆ ಸವರಿ, ಕೈ ಇಳಿಸಿದ. ಈ ಕೆಲಸದಲ್ಲಿ ಒಂದೇ ಒಂದು ನಿಯಮ, ಉಳಿದದ್ದೆಲ್ಲ ಅಭ್ಯಾಸ. ಉಂಡೆ ಮರದ ಮೇಲೆ ಇಳಿಯುವಾಗಲೂ ಜಾರುತ್ತಲೇ ಇಳಿಯಬೇಕು, ಏಳುವಾಗಲೂ ಜಾರುತ್ತಲೇ ಏಳಬೇಕು. ನಡುವೆ ಒಂದು ಕ್ಷಣ ನಿಂತಿತೋ, ಕೆಳಗಿನ ಪದರಗಳು ಕರಗಿ ಉಂಡೆಗೆ ಅಂಟಿಕೊಂಡು ಚರ್ಮ ಸುಲಿದಂತೆ ಎದ್ದುಬರುತ್ತವೆ. ನಿಲ್ಲಬಾರದು, ಅಷ್ಟೇ. ಸುತ್ತು ಸುತ್ತಾಗಿ ಹೋಗುತ್ತಿರಬೇಕು. ಕುಡಿಯುತ್ತಿದ್ದ ದಿನಗಳಲ್ಲೂ ಅವನ ಕೈ ಇದನ್ನು ತಪ್ಪಿರಲಿಲ್ಲ ಎಂಬುದು ಅವನಿಗಿದ್ದ ಒಂದು ಹುಚ್ಚು ಹೆಮ್ಮೆ. ತಲೆ ಎಲ್ಲಿದ್ದರೂ ಕೈ ಸುತ್ತುತ್ತಿತ್ತು. ಇವತ್ತು ತಲೆ ಬೆಳಗಿನ ಕನ್ನಡಿಯ ಮುಂದೆಯೇ ನಿಂತಿತ್ತು, ಕೈ ಮೇಜಿನ ಆ ತುದಿಯಿಂದ ಈ ತುದಿಗೆ ಬರುತ್ತಿತ್ತು. ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಎಡಗೈಯಲ್ಲಿ ತೆಗೆದು, ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡ. ಬಲಗೈ ನಿಲ್ಲಲಿಲ್ಲ.

"ಬಂದ್ರು," ಹೆಂಡತಿಯ ದನಿಯಲ್ಲಿ ಸಂಭ್ರಮ. "ಈಗಷ್ಟೇ ಬಂದ್ರು. ಮಗು ನಿದ್ದೆ ಮಾಡ್ತಿದೆ. ಥೇಟ್ ನಿಮ್ಮ ಹಣೆ ರೀ."

"ಹೌದಾ?"

"ಹೌದು. ಮತ್ತೆ... ಅಲ್ಲಿಂದ ಹೊರಡೋ ಮುಂಚೆ ಫೋನ್ ಮಾಡಿದ್ದಾಗಲೇ ಕೇಳಿದ್ಲು, ನೋಡು ಅಂದಿದ್ನಲ್ಲ, ಬೆಳಗ್ಗೆ ನೋಡಿದ್ಯಾ ಅಮ್ಮ ಅಂತ. ನೋಡ್ದೆ, ಏನೂ ಇಲ್ಲ ಅಂತ ಹೇಳಿದೀನಿ. ನೀವು ಸಂಜೆ ಚೆನ್ನಾಗಿ ತೊಳ್ಕೊಂಡು ಬಂದುಬಿಡಿ, ಆಯ್ತಾ?"

ಅವನ ಕೈ ನಿಂತಿತು. ನಿಂತಿದ್ದು ಗೊತ್ತಾಗಿ ಎತ್ತುವಷ್ಟರಲ್ಲಿ, ಹಸಿ ಗಾಯದ ಮೇಲಿನ ಪಟ್ಟಿ ಕಿತ್ತಂತೆ ಒಂದು ಸಣ್ಣ ಸದ್ದು. ಮೇಜಿನ ನಟ್ಟನಡುವೆ, ಅಂಗೈ ಅಗಲ, ಪಾಲಿಶ್ ಸುಲಿದು ಸುಕ್ಕುಗಟ್ಟಿತ್ತು. ಫೋನಿನಲ್ಲಿ ಹೆಂಡತಿ ಇನ್ನೂ ಏನೋ ಹೇಳುತ್ತಿದ್ದಳು. ಬೆಳಗಿನ ಆ ಮೂಸುವಿಕೆ ಅವಳದ್ದಲ್ಲ, ಮಗಳ ಅಪ್ಪಣೆ. ಅಷ್ಟು ದೂರದ ಊರಿನಿಂದ ಬಾಯಿ ತೆರೆಸಿದ್ದಳು.

ಉಜ್ಜುವ ಸದ್ದು ನಿಂತದ್ದೇ ಕಾರ್ಖಾನೆಯಲ್ಲಿ ಬೇಗ ಕೇಳಿಸುವುದು. ಮಾಲೀಕ ಹೊರಗಿನ ಕೋಣೆಯಿಂದ ಎದ್ದು ಬಂದ. ಕೆಟ್ಟವನಲ್ಲ, ಹಳೆಯ ದಿನಗಳಲ್ಲಿ ಎಷ್ಟೋ ಸಲ ಆಟೊದಲ್ಲಿ ಹಾಕಿ ಮನೆಗೆ ಕಳಿಸಿದವನು. ಆ ಕರುಣೆಯನ್ನು ಇವತ್ತಿಗೂ ಮರೆತಿರಲಿಲ್ಲ, ಇವನಿಗೆ ಮರೆಯಲು ಬಿಟ್ಟೂ ಇರಲಿಲ್ಲ. ಗಾಯ ನೋಡುವವನಂತೆ ಮೇಜಿನ ಮೇಲೆ ಬಗ್ಗಿದ. ಬಗ್ಗಿದ್ದು ಮೇಜಿನ ಕಡೆ, ಮೂಗು ತಿರುಗಿದ್ದು ಪಾಲಿಶಣ್ಣನ ಕಡೆ.

"ಏನಣ್ಣಾ, ಕೈ ನಡುಗ್ತಾ?"

"ಇಲ್ಲ. ನಿಂತೆ."

"ನಿಲ್ಲೋನಲ್ಲವಲ್ಲ ನೀನು." ಇನ್ನಷ್ಟು ಹತ್ತಿರ ಬಗ್ಗಿ, ದನಿ ತಗ್ಗಿಸಿ, "ಏನಾದ್ರೂ... ಮನೇಲಿ ಮಗಳು ಬಂದ ಖುಷಿ ಗಿಷಿ ಅಂತ... ನಾನು ಬಯ್ಯಲ್ಲ, ಇದ್ರೆ ಹೇಳ್ಬಿಡು."

"ಏನೂ ಇಲ್ಲ ಅಂದ್ನಲ್ಲ."

"ಸರಿ ಸರಿ. ಕೇಳ್ದೆ ಅಷ್ಟೇ. ಅದಕ್ಕೇ ನೋಡು ನಾನು ಹೇಳೋದು, ಸ್ಪ್ರೇ ಹೊಡೆಯೋದು ಕಲಿ. ಮೆಷಿನ್ ತಂದಿಟ್ಟು ಆರು ತಿಂಗಳಾಯ್ತು. ಈ ಉಂಡೆ ಗಿಂಡೆ ಬಿಟ್ಟುಬಿಡು. ವಾಸನೆನೂ ಬೇರೆ, ನಿನಗೂ ಒಂದು ಬದಲಾವಣೆ."

ಬದಲಾವಣೆ. ಎಲ್ಲರಿಗೂ ಕಣ್ಣಿಗೆ ಕಾಣುವಂಥದ್ದು ಬೇಕು: ಬೇರೆ ವಾಸನೆ, ಬೇರೆ ಮೆಷಿನು, ಬೇರೆ ಶರಟು. ಗೋಡೆಗೆ ಸುಣ್ಣ ಬಳಿದಂತೆ ಮನುಷ್ಯನನ್ನೂ ಬಳಿದು ನಿಲ್ಲಿಸಿದರೆ "ಅರೆ, ಎಷ್ಟು ಬದಲಾಗಿದ್ದಾನೆ" ಅನ್ನುತ್ತಾರೆ. ಅದೇ ಉಂಡೆ ಹಿಡಿದು, ಅದೇ ಸ್ಪಿರಿಟ್ಟಿನ ಹೊಗೆಯನ್ನು ಹಗಲಿಡೀ ಎದೆಗೆ ಎಳೆದುಕೊಂಡು, ಆ ವಾಸನೆಗೆ ಬಾಯಲ್ಲಿ ನೀರೂರಿದರೂ ಅದನ್ನು ನುಂಗಿಕೊಂಡು ಸಂಜೆ ನೆಟ್ಟಗೆ ಮನೆಗೆ ಹೋಗುವುದು ಇವರ ಕಣ್ಣಿಗೆ ಕಾಣುವುದಿಲ್ಲ, ಮೂಗಿಗಂತೂ ಹೇಗೂ ಇಲ್ಲ. ಸ್ಪಿರಿಟ್ಟಿನಿಂದ ದೂರ ಓಡಿ ಬಿಟ್ಟರೆ ಅದು ಬಿಟ್ಟದ್ದೇ? ಅವನಿಗೆ ಈ ಕೆಲಸ ಬೇಕು. ಈ ವಾಸನೆಯ ನಡುವೆಯೇ ಬೇಕು. ಇದನ್ನು ಮಾಲೀಕನಿಗೆ ಹೇಳಬೇಕೆಂದುಕೊಂಡ. ಬಾಯಿಗೆ ಬಂದದ್ದು ಮಾತ್ರ, "ಇದನ್ನ ಸರಿ ಮಾಡಿಯೇ ಮನೆಗೆ ಹೋಗ್ತೀನಿ" ಎಂದು.

ಸರಿ ಮಾಡುವುದೆಂದರೆ ಸುಲಿದ ಜಾಗಕ್ಕೆ ತೇಪೆ ಹಾಕುವುದಲ್ಲ. ನುಣ್ಣನೆಯ ಮರಳುಕಾಗದದಿಂದ ಸುತ್ತಲ ಜಾಗವನ್ನೆಲ್ಲ ಉಜ್ಜಿ, ಚೆನ್ನಾಗಿದ್ದುದನ್ನೂ ಇಳಿಸಿ, ಮತ್ತೆ ಪದರದ ಮೇಲೆ ಪದರ. ಒಂದು ಒಣಗುವವರೆಗೆ ಕಾಯಬೇಕು, ಆಮೇಲೆ ಇನ್ನೊಂದು. ಜೊತೆಯವರು ಚಹಾಕ್ಕೆ ಕರೆದರು, ಹೋಗಲಿಲ್ಲ. ಬಿಸಿಲು ಮೇಜಿನ ಮೇಲಿಂದ ಗೋಡೆಗೆ ಹತ್ತಿತು. ಮನೆಯಲ್ಲಿ ಕಾಯುತ್ತಿದ್ದರು, ತಡವಾಗುತ್ತಿತ್ತು. ತಡವಾದರೆ ಏನೆಂದುಕೊಳ್ಳುತ್ತಾರೆ ಎಂಬುದು ಅವನಿಗೆ ಗೊತ್ತೇ ಇತ್ತು. ಒಂದು ಸಲ ಅವಸರ ಮಾಡೋಣವೆನ್ನಿಸಿ, ಕೈ ಅದಕ್ಕೆ ಒಪ್ಪದೆ, ಬಿಟ್ಟ. ಕೊನೆಗೆ ಬಗ್ಗಿ ನೋಡಿದಾಗ ಕಿಟಕಿಯ ಸರಳು ಎಲ್ಲೂ ಮುರಿಯದೆ ಮೇಜಿನ ಈ ತುದಿಯಿಂದ ಆ ತುದಿಯವರೆಗೆ ಹೋಯಿತು.

ನಲ್ಲಿಯ ಹತ್ತಿರ ಸೀಮೆಎಣ್ಣೆಯ ಬಾಟಲಿ ಎತ್ತಿದ. ಮುಚ್ಚಳ ತಿರುಗಿಸಿದ. ಮತ್ತೆ ತಿರುಗಿಸಿ ಮುಚ್ಚಿದ. ಪಕ್ಕದ ನಲ್ಲಿಯಲ್ಲಿ ಗರಗಸದವನು ತಲೆ ತುಂಬ ಮರದ ಹೊಟ್ಟು ಹೊತ್ತುಕೊಂಡು, ಮುಖಕ್ಕೆ ನಾಲ್ಕು ಸಲ ನೀರು ಎರಚಿ, ಅಂಗಿಗೆ ಒರೆಸಿಕೊಂಡು ಹೊರಟೇಬಿಟ್ಟ. ಅವನ ಹೆಂಡತಿ ಹೊಟ್ಟು ನೋಡಿ ಏನು ಅಂದಾಳು? ತಲೆ ಕೊಡವಿಕೊಳ್ಳಿ ಅಂದಾಳು. ಪಾಲಿಶಣ್ಣನೂ ಮುಖಕ್ಕೆ ನಾಲ್ಕು ಸಲ ನೀರು ಎರಚಿಕೊಂಡ. ಚೀಲದಲ್ಲಿದ್ದ ಬೇರೆ ಶರಟು ಚೀಲದಲ್ಲೇ ಉಳಿಯಿತು. ಬೀದಿಗಿಳಿದಾಗ ಎದೆ ಡವಡವ ಎನ್ನುತ್ತಿತ್ತು, ಕುಡಿದು ಮನೆಗೆ ಹೋಗುತ್ತಿದ್ದಾಗ ಒಂದು ದಿನವೂ ಹೀಗೆ ಹೊಡೆದುಕೊಂಡಿರಲಿಲ್ಲ.

ಬಾಗಿಲು ತೆರೆದೇ ಇತ್ತು. ಒಳಗೆ ಅಳಿಯ ಕುರ್ಚಿಯಲ್ಲಿ ಕೂತಿದ್ದವನು ಎದ್ದು ನಿಂತ. ಮಗಳು ಗೋಡೆಯ ಹತ್ತಿರ, ಮಗು ಅವಳ ಭುಜಕ್ಕೆ ಒರಗಿ. ಬೆನ್ನು ಮಾತ್ರ ಕಾಣುತ್ತಿತ್ತು, ಹಳದಿ ಅಂಗಿ, ಒಂದು ಪುಟ್ಟ ಕಾಲು. ಹೆಂಡತಿ ಬಾಗಿಲಿಗೆ ಬಂದಳು. ಮೂರು ಹೆಜ್ಜೆ ಇರುವಾಗಲೇ ವಾಸನೆ ಬಡಿದಿರಬೇಕು. ಅವಳ ಮುಖದ ನಗು ಅಲ್ಲೇ ಆರಿತು.

"ಇಷ್ಟೊತ್ತು?"

"ಮೇಜು ಕೆಟ್ಟಿತ್ತು. ಸರಿ ಮಾಡ್ದೆ."

"ತೊಳ್ಕೊಂಡಿಲ್ವಾ?" ಅವಳ ಕಣ್ಣು ಶರಟಿನ ಮೇಲೆ ಓಡಾಡಿತು. ತಿರುಗಿ ಮಗಳನ್ನು ನೋಡಿದಳು, ಅಳಿಯನನ್ನು ನೋಡಿದಳು, ಏನೋ ಮನೆಯ ಮಾನ ತಾನೇ ಉಳಿಸಬೇಕೆಂಬಂತೆ ಬೇಗ ಬೇಗ, "ಅಲ್ಲ, ಕೆಲಸದ್ದು ಅದು. ಕೆಲಸದ್ದೇ. ಎಲ್ಲಿ, ಊದಿ. ಊದಿ ಒಂದ್ಸಲ, ಅವಳೂ ನೋಡ್ಲಿ."

ಮಗಳು ಎರಡು ಹೆಜ್ಜೆ ಮುಂದೆ ಬಂದಳು. ಮಗುವಿನ ತಲೆಯ ಮೇಲೆ ಅಂಗೈ ಇಟ್ಟುಕೊಂಡಿದ್ದಳು. ಅವನ ಬಾಯಿ ತೆರೆದುಕೊಳ್ಳಲು ಹೊರಟಿತು. ನಿಜ, ಹೊರಟಿತು, ದವಡೆಯ ಕೀಲು ಸಡಿಲವಾದದ್ದು ಅವನಿಗೇ ತಿಳಿಯಿತು. ಹಲ್ಲು ಕಚ್ಚಿದ.

"ಊದಲ್ಲ."

"ಏನು?"

"ಊದಲ್ಲ ಅಂದೆ."

ಒಳಗೆ ಕುಕ್ಕರ್ ಒಂದು ಸೀಟಿ ಹಾಕಿತು. ಅಳಿಯ, ಪಾಪ, ಒಳ್ಳೆಯ ಹುಡುಗ, ಯಾರ ಜಗಳವೂ ಬೇಡದವನು, ನಗುತ್ತ ಮುಂದೆ ಬಂದ. "ಮಾವ, ಅದಕ್ಯಾಕೆ ಇಷ್ಟು? ಸುಮ್ನೆ ಒಂದ್ಸಲ ಊದಿಬಿಡಿ, ಮುಗಿದುಹೋಗುತ್ತೆ. ನಾನೂ ರಸ್ತೇಲಿ ಪೊಲೀಸರು ನಿಲ್ಸಿದ್ರೆ ಊದ್ತೀನಪ್ಪ. ಅದರಲ್ಲೇನು ಅವಮಾನ?"

"ರಸ್ತೇಲಿ ನೀವು ಊದ್ತೀರಿ. ಮನೇಲಿ ಯಾರಿಗೆ ಊದ್ತೀರಿ?"

ಅಳಿಯನ ನಗು ಎಲ್ಲಿ ಹೋಗಬೇಕೆಂದು ತಿಳಿಯದೆ ಮುಖದ ಮೇಲೆ ಹಾಗೇ ಉಳಿಯಿತು. ಮಗಳ ಕಣ್ಣಲ್ಲಿ ನೀರಿರಲಿಲ್ಲ. ಅವಳು ಚಿಕ್ಕಂದಿನಿಂದಲೂ ಹಾಗೆಯೇ, ಅಳಬೇಕಾದಲ್ಲಿ ಮುಖ ಗಟ್ಟಿ ಮಾಡಿಕೊಳ್ಳುವವಳು. "ಬಾ ಅಮ್ಮ," ಅಂದಳು. "ಊದದೇ ಇದ್ದಾರೆ ಅಂದ್ರೆ ಗೊತ್ತಾಯ್ತಲ್ಲ. ಇನ್ನೇನು ನೋಡೋದಿದೆ?" ಮಗುವನ್ನು ಎತ್ತಿಕೊಂಡು ಒಳಗಿನ ಕೋಣೆಗೆ ಹೋದಳು. ಬಾಗಿಲು ಹಾಕಿಕೊಂಡದ್ದು ಜೋರಾಗಿಯೇನಲ್ಲ. ಮಗು ಬೆಚ್ಚಬಾರದೆಂದು ಮೆಲ್ಲಗೇ ಹಾಕಿಕೊಂಡಳು. ಹೆಂಡತಿ ಅಲ್ಲೇ ಕುಸಿದು ಕೂತು ಹಣೆ ಚಚ್ಚಿಕೊಂಡಳು. "ಇವತ್ತೇ ಆಗ್ಬೇಕಿತ್ತಾ ನಿಮಗೆ? ಇವತ್ತೇ?"

ಅವನು ತಿರುಗಿ ಬೀದಿಗಿಳಿದ. ಹಿಂದಿನಿಂದ ಅಳಿಯ "ಮಾವ, ಮಾವ" ಎಂದದ್ದು ಕೇಳಿಸಿತು. ಇನ್ನೂ ಬೆಳಕಿತ್ತು, ದೀಪ ಹಾಕುವ ಹೊತ್ತು. ಕಾಲುಗಳು ತಮ್ಮ ಪಾಡಿಗೆ ತಾವು ನಡೆದವು. ಹಳೆಯ ಕಾಲುಗಳು, ಹಳೆಯ ದಾರಿ. ಔಷಧಿ ಅಂಗಡಿ, ಬೀಗ ರಿಪೇರಿಯವನು, ಆಮೇಲೆ ಎಡಕ್ಕೆ. ಬಾರಿನ ಮುಂದೆ ನಿಂತಾಗ ಬಾಗಿಲಿಗೆ ಅದೇ ಹಸಿರು ಪರದೆ, ನೆಲದಿಂದ ಒಂದು ಗೇಣು ಮೇಲೆ ನಿಲ್ಲುವಂಥದ್ದು. ಪರದೆಯ ಕೆಳಗೆ ಒಳಗಿನವರ ಪಾದಗಳು ಕಾಣುತ್ತಿದ್ದವು. ಒಳಗೆ ಕೂತಾಗ ಹೊರಗಿನವರ ಪಾದವೂ ಹೀಗೆಯೇ ಕಾಣುತ್ತಿತ್ತು. ಒಂದು ಸಂಜೆ ಆ ಪರದೆಯ ಕೆಳಗೆ ಎರಡು ಪುಟ್ಟ ಚಪ್ಪಲಿ ಬಂದು ನಿಂತಿದ್ದವು, ನೀಲಿ ಪಟ್ಟಿಯವು, ತಾನೇ ಕೊಡಿಸಿದ್ದವು. ಮಗಳನ್ನು ಅಮ್ಮ ಕಳಿಸಿದ್ದಳು, ಅಪ್ಪನನ್ನು ಕರೆದುಕೊಂಡು ಬಾ ಎಂದು. ಒಳಗೆ ಬರಲಿಲ್ಲ, ಕರೆಯಲೂ ಇಲ್ಲ. ಸುಮ್ಮನೆ ನಿಂತಿದ್ದವು. ಅವನು ನೋಡಿದ. ನೋಡಿಯೂ ಇನ್ನೊಂದು ತರಿಸಿಕೊಂಡ. ಕುಡಿದು ಮುಗಿಸುವವರೆಗೂ ಆ ಚಪ್ಪಲಿಗಳು ಅಲ್ಲೇ ಇದ್ದವು, ಒಂದರ ಮೇಲೊಂದು ಹತ್ತುತ್ತ, ಇಳಿಯುತ್ತ. ಇವತ್ತು ಅವನು ನಿಂತಿದ್ದದ್ದು ಅವಳು ನಿಂತ ಜಾಗದಲ್ಲಿ. ಅವಳಿಗೆ ಮೂಸುವ ಹಕ್ಕಿಲ್ಲ ಎಂದು ಯಾವ ಬಾಯಿಂದ ಹೇಳುವುದು? ಇದೆ, ಹಕ್ಕಿದೆ. ಕೊನೆಯಿಲ್ಲದಷ್ಟು ಇದೆ.

ಪರದೆ ಸರಿಸಿ ಹಳೆಯ ಗೆಳೆಯನೊಬ್ಬ ಬೀಡಿ ಹಚ್ಚಲು ಹೊರಗೆ ಬಂದ, ನೋಡಿ ಕುಣಿದಾಡಿಬಿಟ್ಟ. "ಓಹೋಹೋ! ಸ್ವಾಮಿಗಳು ದಯಮಾಡಿಸಿದ್ರು! ಬನ್ನಿ, ಬನ್ನಿ. ನಿಮ್ಮ ಕುರ್ಚಿ ಹಾಗೇ ಇಟ್ಟಿದೀವಿ."

ಆಗ ಅವನಿಗೆ ಹೊಳೆಯಿತು, ಮೈ ಜುಮ್ಮೆನ್ನುವಷ್ಟು ಸ್ಪಷ್ಟವಾಗಿ: ಇವತ್ತು ಕುಡಿದರೆ ಏನೂ ಕಳೆದುಕೊಳ್ಳುವುದಿಲ್ಲ. ಮನೆಯಲ್ಲಿ ಆಗಲೇ ಕುಡಿದವನೆಂದು ತೀರ್ಪಾಗಿದೆ. ಬೈಗುಳ ಆಯಿತು, ಬಾಗಿಲು ಮುಚ್ಚಿದ್ದೂ ಆಯಿತು. ಶಿಕ್ಷೆ ಪೂರ್ತಿ ಅನುಭವಿಸಿ ನಿಂತಿದ್ದಾನೆ, ತಪ್ಪು ಮಾಡುವುದೊಂದೇ ಬಾಕಿ. ಮೂಸಲು ಯಾರೂ ಕಾದಿಲ್ಲ, ಇನ್ನು ಮುಂದೆಯೂ ಕಾಯುವುದಿಲ್ಲ, ಆ ಕಾನೂನನ್ನು ತಾನೇ ಕಿತ್ತುಹಾಕಿದ್ದಾನೆ. ಎರಡು ವರ್ಷ ಸಂಜೆಯ ಆ ಮೂಗಿಗೆ ಹೆದರಿ ಬಿಟ್ಟಿದ್ದನೋ, ಅಥವಾ ತಾನಾಗಿ ಬಿಟ್ಟಿದ್ದನೋ, ಅದನ್ನು ತಿಳಿಯುವ ಸಂಜೆ ಇದೊಂದೇ. ಪರದೆಯೊಳಗಿಂದ ಆ ವಾಸನೆ ಬಂತು, ಸ್ಪಿರಿಟ್ಟಿನದ್ದಲ್ಲ, ಅದರ ನಿಜವಾದ ಅಣ್ಣನದ್ದು. ನಾಲಿಗೆಯ ಬುಡ ಒದ್ದೆಯಾಯಿತು. ಬೇಕು ಎನಿಸಿತು. ಸುಳ್ಳು ಹೇಳುವುದೇಕೆ, ತುಂಬ ಬೇಕೆನಿಸಿತು. ಅವನು ಆ ಬೇಕನ್ನು ಓಡಿಸಲು ಹೋಗಲಿಲ್ಲ. ಮಗಳ ಮುಖ ನೆನೆಯಲಿಲ್ಲ, ಮೊಮ್ಮಗಳ ಕಾಲು ನೆನೆಯಲಿಲ್ಲ. ಅವರನ್ನು ಅಡ್ಡ ನಿಲ್ಲಿಸಿಕೊಂಡರೆ ಮತ್ತೆ ಅವರಿಗೋಸ್ಕರ ಊದಿದಂತೆಯೇ. ಸುಮ್ಮನೆ ಅದರ ಎದುರಿಗೆ ನಿಂತ.

"ಏನ್ ಸ್ವಾಮಿಗಳೇ, ಮುಹೂರ್ತ ನೋಡ್ತಿದೀರಾ? ಬನ್ನಿ ಒಳಗೆ."

"ಬರಲ್ಲ ಕಣಯ್ಯ."

"ಬರದಿದ್ರೆ ಇಲ್ಯಾಕೆ ಬಂದ್ರಿ?"

"ನೋಡೋಕೆ ಬಂದೆ."

"ಏನ್ ನೋಡೋಕೆ?"

"ಬರ್ತೀನೋ ಇಲ್ವೋ ಅಂತ."

ಗೆಳೆಯನಿಗೆ ಇದು ತಮಾಷೆಯೋ ತಲೆಕೆಟ್ಟದ್ದೋ ತಿಳಿಯದೆ, ಬೀಡಿಯ ಹೊಗೆ ಬಿಟ್ಟು, "ಹೋಗ್ಲಿ ಬಿಡಿ, ನಾಳೆ ಬರ್ತೀರಿ" ಅಂದ. "ನಾಳೆದು ನಾಳೆ ನೋಡ್ತೀನಿ" ಎಂದು ಪಾಲಿಶಣ್ಣ ತಿರುಗಿದ. ಆ ಬೇಕು ಇನ್ನೂ ಹೋಗಿರಲಿಲ್ಲ. ಇರಲಿ, ಕಾಲು ಮನೆಯ ಕಡೆ ನಡೆಯುತ್ತಿದೆಯಲ್ಲ.

ಮಗಳು 'ಅಪ್ಪ' ಎಂದು ಕರೆಯುವುದನ್ನೇ ಬಿಟ್ಟರೂ ಸರಿ, ಮಗುವನ್ನು ಕೊಡದೆ ನಾಳೆ ಬೆಳಗ್ಗೆಯೇ ಹೊರಟರೂ ಸರಿ, ಬಾಯಿ ಮಾತ್ರ ತೆರೆಯುವುದಿಲ್ಲ ಎಂದು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡ. ಹಾಗೆ ಗಟ್ಟಿ ಮಾಡಿಕೊಂಡಷ್ಟೂ ಎದೆಯಲ್ಲಿ ಉರಿ. ಕೊಡದಿದ್ದರೆ ಸಹಿಸಬಹುದೇ? ಸಹಿಸಲಾಗದು. ಸಹಿಸಲಾಗದಿದ್ದರೂ ತೆರೆಯುವುದಿಲ್ಲ.

ಮನೆಯ ಮುಂದಿನ ಮೆಟ್ಟಿಲ ಮೇಲೆ ಮಗಳು ನಿಂತಿದ್ದಳು. ಮಗು ಎಚ್ಚರವಾಗಿ ರಚ್ಚೆ ಹಿಡಿದಿತ್ತು. ಅವಳು ಅತ್ತಿಂದಿತ್ತ ತೂಗುತ್ತ, ಬೆನ್ನು ತಟ್ಟುತ್ತಿದ್ದಳು. ಅವನನ್ನು ಕಂಡು ತೂಗುವುದನ್ನು ನಿಲ್ಲಿಸಿದಳು. ಅವನು ಒಂದಿಷ್ಟು ದೂರದಲ್ಲೇ ನಿಂತ.

"ಎಲ್ಲಿಗೆ ಹೋಗಿದ್ದೆ?"

"ಅಲ್ಲಿಗೇ."

"ಅಲ್ಲಿಗೇ ಅಂದ್ರೆ?"

"ಬಾರ್ ತನಕ."

ಅವಳು ಉಸಿರೆಳೆದುಕೊಂಡಳು. ಮಗು ಕಿರುಚಿತು. ಅವಳು ಅದರ ತಲೆಯ ಮೇಲಿಂದ ಅವನನ್ನೇ ನೋಡುತ್ತಿದ್ದಳು. "ಕುಡಿದ್ಯಾ?"

ಈ ಪ್ರಶ್ನೆಯನ್ನು ಈ ಎರಡು ವರ್ಷದಲ್ಲಿ ಮನೆಯಲ್ಲಿ ಯಾರೂ ಅವನನ್ನು ಕೇಳಿರಲಿಲ್ಲ. ಮೂಗು ಚಾಚಿದ್ದರು, ಕಣ್ಣು ನೋಡಿದ್ದರು, ಹತ್ತಿರ ಬಗ್ಗಿದ್ದರು. ಬಾಯಿ ಬಿಟ್ಟು ಅವನನ್ನು ಒಂದು ಮಾತು ಕೇಳಿರಲಿಲ್ಲ.

"ಇಲ್ಲ."

"ಮಧ್ಯಾಹ್ನ?"

"ಇಲ್ಲ."

"ಮತ್ತೆ ಊದೋಕೇನಾಗಿತ್ತು ನಿನಗೆ? ಎಲ್ಲರ ಎದುರಿಗೆ... ಅವರೇನಂದ್ಕೊಂಡ್ರು? ಒಂದ್ಸಲ ಊದಿದ್ರೆ ನಾನೇ ಕೊಡ್ತಿದ್ನಲ್ಲ ಇವಳನ್ನ."

"ಅದಕ್ಕೇ ಊದಿಲ್ಲ. ಇನ್ಮೇಲೆ ಯಾರಿಗೂ ಊದಲ್ಲ. ನಿಮ್ಮಮ್ಮನಿಗೂ ಇಲ್ಲ. ನೀನು ಕೇಳು, ಹೇಳ್ತೀನಿ. ಕುಡಿದಿದ್ರೆ ಕುಡಿದಿದೀನಿ ಅಂತಾನೇ ಹೇಳ್ತೀನಿ."

"ನೀನು ಹೇಳಿದ್ದನ್ನ ಎಷ್ಟು ಸಲ ನಂಬಿದೀವಿ ಅಪ್ಪಾ ನಾವು?" ಈಗ ಅವಳ ದನಿ ಒಡೆಯಿತು. "ಎಷ್ಟು ಸಲ?"

"ಗೊತ್ತು. ನಂಬಬೇಡ. ನಂಬು ಅಂತ ನಾನು ಹೇಳ್ತಾ ಇಲ್ಲ. ಕೇಳು ಅಂತ ಹೇಳ್ತಿದೀನಿ."

ಒಳಗಿನಿಂದ ಹೆಂಡತಿ ಓಡಿಬಂದಳು. "ಬಂದ್ರಾ? ಅಯ್ಯೋ, ಎಲ್ಲಿ ನೋಡೋಣ, ಬನ್ನಿ ಇಲ್ಲಿ..." ಎಂದು ಎಂದಿನಂತೆ ಕತ್ತು ಮುಂದೆ ಚಾಚಿ ಮೆಟ್ಟಿಲಿಳಿಯಹೊರಟಳು. ಮಗಳು ತನ್ನ ಖಾಲಿ ಕೈಯನ್ನು ಅಡ್ಡ ಹಿಡಿದಳು. "ಅಮ್ಮಾ, ಇರು." ಹೆಂಡತಿ ಅಲ್ಲೇ ನಿಂತಳು, ಮುಖ ಮುಂದೆ ಚಾಚಿದ ಹಾಗೆಯೇ.

ಮಗು ಇನ್ನೂ ಅಳುತ್ತಿತ್ತು. ಮಗಳು ಅದನ್ನು ಒಂದು ಭುಜದಿಂದ ಇನ್ನೊಂದು ಭುಜಕ್ಕೆ ಬದಲಾಯಿಸಿಕೊಂಡಳು. ಅವನ ಶರಟು ನೋಡಿದಳು, ಕೈ ನೋಡಿದಳು, ತುಂಬ ಹೊತ್ತು ಮುಖ ನೋಡಿದಳು. ಅವನು ಬಾಯಿ ಮುಚ್ಚಿಕೊಂಡೇ ನಿಂತಿದ್ದ.

"ಹೋಗು, ಕೈ ತೊಳ್ಕೊಂಡು ಬಾ," ಅಂದಳು.

ಅವನು ಕದಲಲಿಲ್ಲ. ಕೇಳಿಸಿದ್ದು ಸರಿಯೇ ಎಂದು ಗೊತ್ತಾಗಲಿಲ್ಲ. "ಶರಟೂ ಬದಲಾಯಿಸ್ಬೇಕಾ?" ಎಂದು ಕೇಳಿದ.

"ಬೇಡ," ಅಂದಳು ಮಗಳು. "ಕೈ ಸಾಕು."